ಹೇಗ್ ನಗರದ ಮಹಿಳಾ ಮಹಾಸಭೆ: ಸಮ್ಮತ ನಿರ್ಣಯಗಳು ರೂಪುಗೊಂಡ ಬಗೆ

1915ನೆಯ ಇಸವಿ ಏಪ್ರಿಲ್ 28ರಿಂದ ಮೇ 1ರವರೆಗೆ ನಾಲ್ಕು ದಿನಗಳ ಕಾಲ ಹಾಲೆಂಡ್ ದೇಶದ ಹೇಗ್ ನಗರದಲ್ಲಿ ಹನ್ನೆರಡು ದೇಶಗಳ ಸ್ತ್ರೀಯರು ಒಂದು ಮಹಾಸಭೆಯನ್ನು ನಡೆಸಿದರು. ಯೂರೋಪಿನ ಮಹಾಯುದ್ಧವು ಮೊದಲಾಗಿ ಆಗ್ಗೆ ಒಂಬತ್ತು ತಿಂಗಳಾಗಿದ್ದಿತು. ಪರಸ್ಪರ ಕಾದಾಡುತ್ತಿದ್ದ ರಾಜ್ಯಗಳ ಪ್ರಜೆಗಳು ಒಂದೇ ಚಾವಣಿಯ ಕೆಳಗೆ ಕುಳಿತು, ಇಪ್ಪತ್ತು ಗೊತ್ತುವಳಿಗಳನ್ನು ಮಾಡಿ, ಅವನ್ನು ತಾವೇ ಹೊತ್ತುಕೊಂಡು ಹೋಗಿ ಎರಡೂ ಪಕ್ಷಗಳ ಮಂತ್ರಿಗಳ ಕೈಗೆ ಕೊಟ್ಟರು. ಯುದ್ಧವು ಇದರಿಂದ ಒಂದು ದಿನವಾದರೂ ಮೊದಲೇ ನಿಂತಿತೆಂದು ಹೇಳುವಂತಿಲ್ಲ. ಆದುದರಿಂದಲೇ ರಾಜತಂತ್ರದ ಇತಿಹಾಸಗಳು ಈ ಸಭೆಯನ್ನು ಒಂದೆರಡು ಪಂಕ್ತಿಗಳಲ್ಲಿ ಮುಗಿಸಿಬಿಡುತ್ತವೆ. ಶಾಂತಿಪಕ್ಷದ ಗ್ರಂಥಗಳಾದರೋ ಇದನ್ನು ಭವಿಷ್ಯವಾಣಿಯೆಂಬಂತೆ ಕೊಂಡಾಡುತ್ತವೆ. ಇವೆರಡೂ ನೋಡುವುದು ಫಲವನ್ನು. ಒಬ್ಬರ ಮಕ್ಕಳು ಇನ್ನೊಬ್ಬರ ಮಕ್ಕಳನ್ನು ಕೊಲ್ಲುತ್ತಿದ್ದ ಕಾಲದಲ್ಲಿ, ಸರ್ಕಾರದ ಬೆಂಬಲವೂ ಓಟಿನ ಹಕ್ಕೂ ಇಲ್ಲದ ಜನರು ಒಂದೇ ಲಿಖಿತಕ್ಕೆ ಒಪ್ಪಿಗೆ ಕೊಡುವಂತಾದುದು ಹೇಗೆ, ಆ ಒಪ್ಪಿಗೆಗೆ ಅವರು ತೆತ್ತ ಬೆಲೆಯೇನು ಎಂಬ ಪ್ರಶ್ನೆಯು ಫಲದ ಪ್ರಶ್ನೆಗಿಂತ ಕಡಮೆಯದಲ್ಲ.

ಸಭೆಯ ಬೇರು 1904ರಲ್ಲಿ ಬರ್ಲಿನ್ ನಗರದಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸ್ತ್ರೀ ಮತಾಧಿಕಾರ ಕೂಟದಲ್ಲಿದೆ. ಅನೇಕ ದೇಶಗಳ ಮತಾಧಿಕಾರ ಸಂಘಗಳು ಈ ಕೂಟಕ್ಕೆ ಸೇರಿದ್ದವು. ಒಂದು ದೇಶದಲ್ಲಿ ಬರೆದ ಮನವಿಯನ್ನು ಮತ್ತೊಂದು ದೇಶದವರು ತಮ್ಮ ಶಾಸನಸಭೆಗೆ ಹೊಂದುವಂತೆ ತಿದ್ದಿಕೊಳ್ಳುತ್ತಿದ್ದರು; ಲಂಡನ್ನಿನಲ್ಲಿ ಅಚ್ಚಾಗುತ್ತಿದ್ದ ಕೂಟದ ಮಾಸಪತ್ರಿಕೆಯು ಎಲ್ಲರ ಸುದ್ದಿಯನ್ನೂ ಎಲ್ಲರಿಗೂ ಮುಟ್ಟಿಸುತ್ತಿದ್ದಿತು. ಯುದ್ಧವು ಬಂದ ಮೇಲೆಯೂ ಸಂಪಾದಕಿ ಮೇರಿ ಶೀಪ್‌ಶ್ಯಾಂಕ್ಸರು ಶತ್ರುದೇಶಗಳ ಸ್ತ್ರೀಯರ ಪತ್ರಗಳನ್ನು ಪ್ರಕಟಿಸುವುದನ್ನು ಬಿಡಲಿಲ್ಲ. ಅಂಚೆಯೂ ಗಡಿಗಳೂ ಮುಚ್ಚಿಕೊಳ್ಳುತ್ತಿದ್ದಾಗ ಈ ಒಂದು ಪತ್ರಿಕೆಯು ತೆರೆದಿದ್ದುದರ ಮಹತ್ತ್ವವನ್ನು ಎಷ್ಟು ಹೇಳಿದರೂ ಹೆಚ್ಚಾಗದು. ಹೇಗ್ ನಗರಕ್ಕೆ ಬಂದವರಲ್ಲಿ ಅನೇಕರು ಪರಸ್ಪರ ಹೊಸಬರಾಗಿರಲಿಲ್ಲ. ಹತ್ತು ವರ್ಷಗಳ ಪತ್ರವ್ಯವಹಾರವೂ ವಾದವಿವಾದವೂ ಅವರ ಬೆನ್ನ ಹಿಂದೆ ಇದ್ದವು. ಯುದ್ಧಕಾಲದಲ್ಲಿ ಏಕಾಏಕಿ ಹುಟ್ಟಿದ ಸ್ನೇಹವೆಂದು ಇದನ್ನು ವರ್ಣಿಸುವವರು ಈ ಪೂರ್ವೇತಿಹಾಸವನ್ನು ಮರೆತಿರುತ್ತಾರೆ.

ಕೂಟದ ಮುಂದಿನ ಅಧಿವೇಶನವು 1915ರಲ್ಲಿ ಬರ್ಲಿನ್ನಿನಲ್ಲಿ ನಡೆಯತಕ್ಕದ್ದೆಂದು ಗೊತ್ತಾಗಿದ್ದಿತು. ಯುದ್ಧದ ದೆಸೆಯಿಂದ ಜರ್ಮನಿಯ ಸಂಘವು ತನ್ನ ಆಹ್ವಾನವನ್ನು ಹಿಂದಕ್ಕೆ ತೆಗೆದುಕೊಂಡಿತು. ಆಗ ಹಾಲೆಂಡಿನ ಡಾಕ್ಟರ್ ಅಲೆಟ್ಟಾ ಯಾಕೋಬ್ಸರು, ತಮ್ಮ ದೇಶವು ತಟಸ್ಥವಾಗಿರುವುದರಿಂದ ಅಧಿವೇಶನವನ್ನು ಅಲ್ಲಿಯೇ ಕರೆಯಬಹುದೆಂದು ಸೂಚಿಸಿದರು. ಯಾಕೋಬ್ಸರು ಹಾಲೆಂಡಿನಲ್ಲಿ ವೈದ್ಯಪದವಿಯನ್ನು ಪಡೆದ ಪ್ರಥಮ ಮಹಿಳೆ. 1883ರಲ್ಲಿ ಅವರು ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರನ್ನು ಸೇರಿಸಬೇಕೆಂದು ಕೇಳಲು, ಕಾನೂನಿನಲ್ಲಿ ಅದಕ್ಕೆ ಅಡ್ಡಿಯಿಲ್ಲವೆಂಬುದನ್ನು ಕಂಡುಕೊಂಡ ಆ ದೇಶದವರು 1887ರಲ್ಲಿ ‘ಪುರುಷ’ ಎಂಬ ಶಬ್ದವನ್ನೇ ಹೊಸದಾಗಿ ಸೇರಿಸಬೇಕಾಯಿತು! ಇಂಥವರ ಸೂಚನೆಯೂ ಕೂಟಕ್ಕೆ ಒಪ್ಪಿಗೆಯಾಗಲಿಲ್ಲ. ಅಧ್ಯಕ್ಷೆಯಾದ ಅಮೇರಿಕದ ಕ್ಯಾರಿ ಚಾಪ್ಮನ್ ಕ್ಯಾಟರೂ ಆಡಳಿತ ಮಂಡಲಿಯ ಬಹುಮಂದಿಯೂ ಹಿಂಜರಿದರು. ಯುದ್ಧಕಾಲದ ಸಭೆಯೊಂದರಿಂದ ಕೂಟವೇ ಒಡೆದುಹೋದೀತೆಂಬ ಅವರ ಭಯವು ನಿಷ್ಕಾರಣವಾದುದಾಗಿರಲಿಲ್ಲ. ಇಂಗ್ಲೆಂಡಿನ ಮುಖ್ಯ ಮತಾಧಿಕಾರ ಸಂಘದಲ್ಲಿ ಇದೇ ವಿಷಯಕ್ಕೆ ಭೇದವುಂಟಾಗಿ, ಮಿಲಿಸೆಂಟ್ ಫಾಸೆಟ್ಟರು ಸಭೆಯನ್ನು ವಿರೋಧಿಸಲು, ಕಾರ್ಯನಿರ್ವಾಹಕ ಸಮಿತಿಯ ಸುಮಾರು ಅರ್ಧದಷ್ಟು ಮಂದಿ ರಾಜೀನಾಮೆ ಕೊಟ್ಟು ಹೊರಬಂದರು.

ಇಲ್ಲಿ ಯಾಕೋಬ್ಸರು ಮಾಡಿದ ಉಪಾಯವು ಗಮನಿಸತಕ್ಕದ್ದು. ಸಂಘಗಳನ್ನು ಕರೆಯುವುದನ್ನು ಬಿಟ್ಟು ಅವರು ವ್ಯಕ್ತಿಗಳನ್ನು ಕರೆದರು. ಸಂಘವೊಂದು ಪ್ರತಿನಿಧಿಯನ್ನು ಕಳುಹಿಸಬೇಕಾದರೆ ತನ್ನೊಳಗೆ ಮೊದಲು ಬಹುಮತವನ್ನು ಸಂಪಾದಿಸಬೇಕು; 1915ರಲ್ಲಿ ಯುದ್ಧನಿರತ ದೇಶದ ಯಾವ ದೊಡ್ಡ ಸಂಘದಲ್ಲಿಯೂ ಅದು ಸಾಧ್ಯವಿರಲಿಲ್ಲ. ವ್ಯಕ್ತಿಯಾದರೋ ತನ್ನ ಮನಸ್ಸಾಕ್ಷಿಯನ್ನು ಮಾತ್ರ ಕೇಳಿಕೊಂಡು ಬರಬಹುದಾಗಿದ್ದಿತು. ಸಭೆಯು ಸೇರಲು ಸಾಧ್ಯವಾದುದು ಇದರಿಂದ. ಆದರೆ ಅಲ್ಲಿ ಒಪ್ಪಿದ ಮಾತಿಗೆ ಯಾವ ದೇಶದ ಸಂಘವೂ ಕಟ್ಟುಬಿದ್ದಿರಲಿಲ್ಲವೆಂಬ ದೌರ್ಬಲ್ಯವೂ ಇದರಿಂದಲೇ ಬಂದಿತು.

ಪೂರ್ವಭಾವಿಯಾದ ಸಭೆಯು ಫೆಬ್ರವರಿ 12 ಮತ್ತು 13ರಂದು ಆಮ್ಸ್ಟರ್ಡಾಮಿನಲ್ಲಿ ನಡೆಯಿತು. ಇಂಗ್ಲೆಂಡ್, ಜರ್ಮನಿ, ಬೆಲ್ಜಿಯಮ್, ಹಾಲೆಂಡ್ ದೇಶಗಳ ಕೆಲವೇ ಮಂದಿ ಅಲ್ಲಿ ಸೇರಿದ್ದರು. ಮಹಾಸಭೆಯ ಯಶಸ್ಸು ಬಹುಮಟ್ಟಿಗೆ ಈ ಎರಡು ದಿನಗಳಲ್ಲಿ ನಿರ್ಧಾರವಾಯಿತೆಂದರೆ ತಪ್ಪಾಗದು. ಗೊತ್ತುವಳಿಗಳ ಕರಡು ಇಲ್ಲಿ ಸಿದ್ಧವಾಯಿತು. ಖರ್ಚಿನ ವಿಷಯವೂ ಇಲ್ಲಿಯೇ ತೀರ್ಮಾನವಾಯಿತು: ಬ್ರಿಟಿಷ್, ಡಚ್ ಮತ್ತು ಜರ್ಮನ್ ಸ್ತ್ರೀಯರು ಬೇಕಾದ ಹಣದಲ್ಲಿ ಮೂರನೆಯ ಒಂದೊಂದು ಪಾಲನ್ನು ಕೂಡಿಸಿಕೊಡುವುದಾಗಿ ಒಪ್ಪಿಕೊಂಡರು. ಯುದ್ಧಭೂಮಿಯಲ್ಲಿ ಎದುರುಬದುರಾಗಿ ನಿಂತಿದ್ದ ಎರಡು ರಾಜ್ಯಗಳ ಪ್ರಜೆಗಳು ಒಂದೇ ಲೆಕ್ಕದ ಪುಸ್ತಕದಲ್ಲಿ ಸಮಪಾಲು ಬರೆಸಿದುದಕ್ಕೆ ಆ ವರ್ಷದಲ್ಲಿ ಮತ್ತೊಂದು ಉದಾಹರಣೆಯನ್ನು ಹುಡುಕುವುದು ಕಷ್ಟ. ಯಾರ ಹಣವೋ ಅವರ ಸಭೆ ಎಂಬ ಆಕ್ಷೇಪಣೆಗೂ ಇದರಿಂದ ಎಡೆಯಿಲ್ಲದಂತಾಯಿತು.

ಎಲ್ಲಕ್ಕಿಂತಲೂ ಮುಖ್ಯವಾದುವು ಅಲ್ಲಿ ಮಾಡಿದ ನಿಬಂಧನೆಗಳು. ಸದಸ್ಯರಾಗಬೇಕಾದವರು ಎರಡು ತತ್ತ್ವಗಳನ್ನು ಮೊದಲೇ ಅಂಗೀಕರಿಸಬೇಕು: ರಾಷ್ಟ್ರಗಳ ನಡುವಣ ವ್ಯಾಜ್ಯಗಳನ್ನು ಶಾಂತಿಮಾರ್ಗದಿಂದಲೇ ಬಗೆಹರಿಸತಕ್ಕದ್ದು, ಸ್ತ್ರೀಯರಿಗೂ ಶಾಸನಸಭೆಯ ಮತಾಧಿಕಾರವನ್ನು ಕೊಡತಕ್ಕದ್ದು. ಇವುಗಳ ಜೊತೆಗೆ ಚರ್ಚೆಯಿಂದ ಹೊರಗಿಡಬೇಕಾದ ಎರಡು ವಿಷಯಗಳನ್ನೂ ಗೊತ್ತುಮಾಡಿದರು. ಪ್ರಕೃತ ಯುದ್ಧಕ್ಕೆ ಯಾವ ರಾಷ್ಟ್ರವು ಎಷ್ಟು ಹೊಣೆ, ಅದನ್ನು ಯಾರು ಹೇಗೆ ನಡೆಸುತ್ತಿದ್ದಾರೆ ಎಂಬುದನ್ನು ಯಾರೂ ಎತ್ತಕೂಡದು. ಮುಂದೆ ಯುದ್ಧಗಳನ್ನು ಯಾವ ನಿಯಮಗಳ ಪ್ರಕಾರ ನಡೆಸಬೇಕೆಂಬ ಗೊತ್ತುವಳಿಗೂ ಅವಕಾಶವಿಲ್ಲ. ಎರಡನೆಯ ನಿಷೇಧದ ಅರ್ಥ ಸ್ಪಷ್ಟವಾಗಿದೆ: ಯುದ್ಧವನ್ನೇ ಬೇಡವೆನ್ನುವವರು ಅದನ್ನು ಸಭ್ಯವಾಗಿ ನಡೆಸುವ ಕ್ರಮವನ್ನು ಬೋಧಿಸುವುದು ಅಸಂಗತ. ಮೊದಲನೆಯ ನಿಷೇಧವಾದರೋ ಸಭೆಯ ಪ್ರಾಣವೂ ಆಗಿದ್ದಿತು, ಅದರ ಗಾಯವೂ ಆಗಿದ್ದಿತು.

ಪ್ರಾಣವೆಂಬುದಕ್ಕೆ ಕಾರಣವನ್ನು ವಿಸ್ತರಿಸಬೇಕಾಗಿಲ್ಲ. ತಪ್ಪು ಯಾರದೆಂಬ ಮಾತು ಒಮ್ಮೆ ಬಾಯಿಂದ ಹೊರಟಿದ್ದರೆ ಜರ್ಮನ್ ಮತ್ತು ಬ್ರಿಟಿಷ್ ಸದಸ್ಯೆಯರು ತಮ್ಮ ತಮ್ಮ ಸರ್ಕಾರಗಳ ವಕೀಲರಾಗುತ್ತಿದ್ದರು. ಸಭೆಯು ಅರ್ಧ ದಿನವೂ ನಡೆಯುತ್ತಿರಲಿಲ್ಲ. ಕಳೆದುದನ್ನು ಬದಿಗಿಟ್ಟು ಮುಂದಾಗಬೇಕಾದುದನ್ನೇ ಹಿಡಿದುದರಿಂದ ಇಪ್ಪತ್ತು ಗೊತ್ತುವಳಿಗಳು ಸಾಧ್ಯವಾದವು. ಆದರೆ ಫ್ರೆಂಚ್ ಸ್ತ್ರೀಯರ ಕಣ್ಣಿನಲ್ಲಿ, ಹೊರಗಿಟ್ಟ ಆ ಪ್ರಶ್ನೆಯೇ ಏಕಮಾತ್ರ ಪ್ರಶ್ನೆಯಾಗಿದ್ದಿತು. ಅವರ ದೇಶದ ಉತ್ತರ ಭಾಗವು ಶತ್ರುವಿನ ವಶದಲ್ಲಿದ್ದಿತು. ಅಲ್ಲಿಯ ಪ್ರಧಾನ ಮಹಿಳಾ ಸಂಘಗಳು ತಾವು ಬರುವುದಿಲ್ಲವೆಂದು ಬಹಿರಂಗವಾಗಿ ತಿಳಿಸಿದವು. ಫ್ರಾನ್ಸಿನಿಂದ ಒಬ್ಬ ಪ್ರತಿನಿಧಿಯೂ ಬರಲಿಲ್ಲ. ಇದನ್ನು ಕೇವಲ ದೇಶಾಭಿಮಾನದ ಮೊಂಡುತನವೆಂದು ತಳ್ಳಿಹಾಕುವುದು ನ್ಯಾಯವಾಗಲಾರದು. ಪೆಟ್ಟು ತಿಂದವನಿಗೂ ಪೆಟ್ಟು ಕೊಟ್ಟವನಿಗೂ ‘ಹಿಂದಿನದನ್ನು ಎತ್ತಬೇಡಿರಿ’ ಎಂದು ಒಂದೇ ಮಾತಿನಲ್ಲಿ ಹೇಳಿದರೆ, ಅದು ಇಬ್ಬರ ಮೇಲೂ ಒಂದೇ ಭಾರವಾಗಿ ಬೀಳುವುದಿಲ್ಲ.

ಸಭೆಗೆ ಹೊರಟವರ ಪ್ರಯಾಣವೂ ಸುಲಭವಾಗಿರಲಿಲ್ಲ. ಇಂಗ್ಲೆಂಡಿನಿಂದ ಸುಮಾರು 180 ಮಂದಿ ಹೊರಡಲು ಸಿದ್ಧರಾಗಿದ್ದರು. ಸರ್ಕಾರವು ಮೊದಲು ಅವರಲ್ಲಿ ಸುಮಾರು ಎರಡು ಡಜನ್ ಮಂದಿಗೆ ಮಾತ್ರ ರಹದಾರಿಯನ್ನು ಕೊಡಲೊಪ್ಪಿತು. ಅಷ್ಟರಲ್ಲಿ ಉತ್ತರ ಸಮುದ್ರದಲ್ಲಿ ಹಡಗುಗಳ ಸಂಚಾರವೇ ನಿಂತುಹೋದುದರಿಂದ ಆ ರಹದಾರಿಗಳೂ ವ್ಯರ್ಥವಾದವು. ಕಡೆಗೆ ಸಭೆಯಲ್ಲಿ ಬ್ರಿಟಿಷರೆಂದು ಇದ್ದವರು ಮೂವರೇ. ಕ್ರಿಸ್ಟಲ್ ಮ್ಯಾಕ್ಮಿಲನ್ ಮತ್ತು ಕ್ಯಾಥ್ಲೀನ್ ಕೋರ್ಟ್ನಿಯವರು ಏರ್ಪಾಡುಗಳಿಗಾಗಿ ಮೊದಲೇ ಹಾಲೆಂಡಿಗೆ ಬಂದಿದ್ದರು. ಎಮ್ಮೆಲಿನ್ ಪೆಥಿಕ್ ಲಾರೆನ್ಸರು ಅಮೇರಿಕದವರ ಸಂಗಡ ಬಂದರು. ಬೆಲ್ಜಿಯಮ್ಮಿನ ಐವರು ಜರ್ಮನ್ ಅಧಿಕಾರಿಗಳಿಂದ ಅಪ್ಪಣೆ ಪಡೆದು, ಗಡಿಯಲ್ಲಿ ಶೋಧನೆಗೆ ಒಳಗಾಗಿ, ಸ್ವಲ್ಪ ದೂರ ಕಾಲುನಡಿಗೆಯಿಂದ ಗಡಿಯನ್ನು ದಾಟಿ, ರೈಲನ್ನು ಹಿಡಿದು ಬಂದರು. ಅವರನ್ನು ವೇದಿಕೆಯ ಮೇಲೆ ಸ್ವಾಗತಿಸಿದವರು ಜರ್ಮನಿಯ ಅನಿತಾ ಔಗ್ಸ್‌ಪುರ್ಗರು.

ಅಮೇರಿಕದ 47 ಮಂದಿ ಏಪ್ರಿಲ್ 13ರಂದು ‘ನೋರ್ಡಾಮ್’ ಎಂಬ ಡಚ್ ಹಡಗಿನಲ್ಲಿ ಹೊರಟರು. ಅವರ ಮುಖಂಡರು ಷಿಕಾಗೋ ನಗರದ ಜೇನ್ ಆಡಮ್ಸ್. ಮಹಾಸಭೆಯ ಅಧ್ಯಕ್ಷತೆಗೆ ಅವರನ್ನೇ ಆರಿಸಲಾಗಿದ್ದಿತು. ಸಮುದ್ರದ ಮೇಲಿನ ಆ ದಿನಗಳು ಪಾಠಶಾಲೆಯಾಗಿ ಪರಿಣಮಿಸಿದವು. ಆಮ್ಸ್ಟರ್ಡಾಮಿನಿಂದ ಬಂದಿದ್ದ ಕರಡನ್ನು ಮುಂದಿಟ್ಟುಕೊಂಡು ಅವರು ಒಂದೊಂದು ಗೊತ್ತುವಳಿಯನ್ನೂ ಚರ್ಚಿಸಿದರು, ತಿದ್ದುಪಡಿಗಳನ್ನು ಬರೆದರು, ಅಂತರರಾಷ್ಟ್ರೀಯ ವ್ಯವಹಾರಗಳ ಮೇಲೆ ಉಪನ್ಯಾಸಗಳನ್ನು ಕೇಳಿದರು. ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಅಧಿಕಾರಿಗಳು ಹಡಗನ್ನು ಕೆಲವು ದಿನಗಳ ಕಾಲ ತಡೆದು ನಿಲ್ಲಿಸಿದುದರಿಂದ ಅವರು ಸಭೆಯು ಪ್ರಾರಂಭವಾಗುವ ಹೊತ್ತಿಗೆ ಸರಿಯಾಗಿ ಬಂದು ಸೇರಿದರು.

ಹೇಗ್ ನಗರದ ಪ್ರಾಣಿಸಂಗ್ರಹಾಲಯದ ದೊಡ್ಡ ಭವನದಲ್ಲಿ ಸಭೆಯು ಕೂಡಿತು. ಮತ ಕೊಡುವ ಹಕ್ಕುಳ್ಳ ಸದಸ್ಯೆಯರು 1,100ಕ್ಕೂ ಹೆಚ್ಚು. ಈ ಸಂಖ್ಯೆಯನ್ನು ಎಚ್ಚರಿಕೆಯಿಂದ ಓದಬೇಕು: ಇವರಲ್ಲಿ ಸುಮಾರು ಸಾವಿರ ಮಂದಿ ಆತಿಥೇಯ ದೇಶವಾದ ಹಾಲೆಂಡಿನವರೇ. ಜರ್ಮನಿಯಿಂದ 28 ಮಂದಿ ಬಂದಿದ್ದರು. ಆಸ್ಟ್ರಿಯಾ, ಹಂಗೆರಿ, ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಇಟಲಿ, ಕೆನಡಾಗಳಿಂದ ಬಂದವರು ಇನ್ನೂ ಕಡಮೆ. ಬರಿಯ ತಲೆಯೆಣಿಕೆಯನ್ನು ಪ್ರಮಾಣವಾಗಿ ಹಿಡಿದರೆ ಇದು ಡಚ್ ಜನರ ಸಭೆ. ಆದುದರಿಂದ ಗೊತ್ತುವಳಿಗಳಿಗೆ ಅಂತರರಾಷ್ಟ್ರೀಯವೆಂಬ ಹೆಸರು ಸಲ್ಲುವುದು ಮತಗಳ ಮೊತ್ತದಿಂದಲ್ಲ, ಅವು ಸಿದ್ಧವಾದ ಕ್ರಮದಿಂದ. ಕರಡು ಮುಂಚಿತವಾಗಿ ಎಲ್ಲರಿಗೂ ತಲಪಿದ್ದಿತು. ಬೇರೆ ಬೇರೆ ದೇಶದವರನ್ನೊಳಗೊಂಡ ನಿರ್ಣಯ ಸಮಿತಿಯೊಂದು ತಿದ್ದುಪಡಿಗಳನ್ನು ಸೋಸಿ, ಒಂದೇ ಅರ್ಥದವುಗಳನ್ನು ಕೂಡಿಸಿ, ಸಭೆಯ ಮುಂದೆ ಇಡುತ್ತಿದ್ದಿತು. ಇಂಗ್ಲಿಷ್, ಫ್ರೆಂಚ್, ಜರ್ಮನ್ ಎಂಬ ಮೂರು ಭಾಷೆಗಳಲ್ಲಿ ಕಾರ್ಯಕಲಾಪಗಳು ನಡೆದವು. ಭಾಷಾಂತರದ ಆಯಾಸವು ಭಾಷಣಕಾರರ ಉತ್ಸಾಹಕ್ಕೆ ಒಂದು ಕಡಿವಾಣವಾಗಿಯೂ ಕೆಲಸಮಾಡಿರಬೇಕು. ಯಾವ ವಾಕ್ಯವು ಮೂರು ಭಾಷೆಗಳಲ್ಲಿಯೂ ಒಂದೇ ಅರ್ಥವನ್ನು ಕೊಡುವುದಿಲ್ಲವೋ ಅದು ಸಮ್ಮತ ನಿರ್ಣಯವಾಗಲಾರದಷ್ಟೆ.

ಇನ್ನು ಗೊತ್ತುವಳಿಗಳ ವಿಷಯ. ಜನರ ಒಪ್ಪಿಗೆಯಿಲ್ಲದೆ ಯಾವ ಪ್ರದೇಶವನ್ನೂ ಒಂದು ರಾಜ್ಯದಿಂದ ಮತ್ತೊಂದಕ್ಕೆ ವರ್ಗಾಯಿಸಕೂಡದು. ಆ ಒಪ್ಪಿಗೆಯಲ್ಲಿ ಸ್ತ್ರೀಯರದೂ ಸೇರಿರಬೇಕು. ಗೆದ್ದುಕೊಂಡ ಮಾತ್ರದಿಂದ ಹಕ್ಕು ಬರುವುದೆಂಬುದನ್ನು ಅಂಗೀಕರಿಸಕೂಡದು. ಸ್ವಾಧಿಕಾರವನ್ನೂ ಪ್ರಜಾಸತ್ತಾತ್ಮಕ ಶಾಸನಸಭೆಯನ್ನೂ ಯಾವ ಜನಾಂಗಕ್ಕೂ ನಿರಾಕರಿಸಕೂಡದು. ಗುಟ್ಟಿನ ಒಪ್ಪಂದಗಳು ರದ್ದಾಗಬೇಕು. ಪರರಾಷ್ಟ್ರನೀತಿಯು ಪ್ರಜೆಗಳ ಅಂಕೆಗೆ ಒಳಪಡಬೇಕು. ಶಾಶ್ವತವಾದ ಅಂತರರಾಷ್ಟ್ರೀಯ ನ್ಯಾಯಸ್ಥಾನವೂ ಶಾಶ್ವತವಾದ ಅಂತರರಾಷ್ಟ್ರೀಯ ಸಮ್ಮೇಳನವೂ ಏರ್ಪಡಬೇಕು. ಎಲ್ಲ ರಾಜ್ಯಗಳೂ ಆಯುಧಗಳನ್ನು ತ್ಯಜಿಸಬೇಕು. ಅದಕ್ಕೆ ಮೊದಲ ಹೆಜ್ಜೆಯಾಗಿ ಶಸ್ತ್ರಾಸ್ತ್ರಗಳ ತಯಾರಿಕೆಯನ್ನು ಸರ್ಕಾರಗಳು ತಮ್ಮ ವಶಕ್ಕೆ ತೆಗೆದುಕೊಳ್ಳಬೇಕು. ಯುದ್ಧದಲ್ಲಿ ಸ್ತ್ರೀಯರ ಮೇಲೆ ನಡೆಯುವ ಘೋರ ಅತ್ಯಾಚಾರಗಳನ್ನು ಖಂಡಿಸಿದ ಗೊತ್ತುವಳಿಯೂ ಒಂದುಂಟು.

ಇವುಗಳಲ್ಲಿ ಹೊಸದೆನ್ನಬಹುದಾದುದು ಬಹಳವಿಲ್ಲ. ಒಪ್ಪಿಗೆಯಿಲ್ಲದ ವರ್ಗಾವಣೆ ಕೂಡದು, ಶಾಸನಸಭೆಗೆ ತಿಳಿಯದ ಒಪ್ಪಂದ ಕೂಡದು, ಆಯುಧಗಳ ತಯಾರಿಕೆಯನ್ನು ರಾಷ್ಟ್ರೀಕರಿಸಬೇಕು ಎಂಬ ಅಂಶಗಳನ್ನು 1914ರಲ್ಲಿಯೇ ಇಂಗ್ಲೆಂಡಿನ ‘ಪ್ರಜಾಪ್ರಭುತ್ವ ನಿಯಂತ್ರಣ ಸಂಘ’ವು ಸಾರಿದ್ದಿತು. ಹಾಲೆಂಡಿನ ಯುದ್ಧವಿರೋಧಿ ಮಂಡಲಿಯು ಇದೇ ಹೇಗ್ ನಗರದಲ್ಲಿ ಇದೇ ಏಪ್ರಿಲ್ ತಿಂಗಳಲ್ಲಿ ಬೇರೊಂದು ಸಭೆಯನ್ನು ನಡೆಸಿ, ಬಾಳಿಕೆಯ ಶಾಂತಿಗೆ ಬೇಕಾದ ಕನಿಷ್ಠ ಕಾರ್ಯಕ್ರಮವೊಂದನ್ನು ರಚಿಸಿದ್ದಿತು. ಅಮೇರಿಕದ ಮಹಿಳಾ ಶಾಂತಿಪಕ್ಷವು 1915ರ ಜನವರಿಯಲ್ಲಿ ತನ್ನದೇ ಆದ ಸೂಚನೆಗಳನ್ನು ಮಂಡಿಸಿದ್ದಿತು. ಮಹಿಳಾ ಮಹಾಸಭೆಯು ಇವೆಲ್ಲವನ್ನೂ ಆಯ್ದುಕೊಂಡು, ಎಲ್ಲದರಲ್ಲಿಯೂ ಇಲ್ಲದಿದ್ದ ಒಂದನ್ನು ಕೂಡಿಸಿತು: ‘ಜನ’ ಎಂದು ಬರೆದ ಕಡೆಯಲ್ಲೆಲ್ಲ ಸ್ತ್ರೀಯರೂ ಆ ಶಬ್ದದೊಳಗೆ ಸೇರಿದವರೆಂಬುದು. ಸ್ವಂತ ಕಲ್ಪನೆಯಲ್ಲವೆಂದು ಗೊತ್ತುವಳಿಗಳನ್ನು ಹಳಿಯುವ ವಿಮರ್ಶಕರು ಕೆಲವರಿದ್ದಾರೆ. ಹಲವರ ಕೂಟಕ್ಕೆ ಹೊಸ ಕಲ್ಪನೆಯು ಅಷ್ಟು ಅಗತ್ಯವಲ್ಲ. ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ಮಾತುಗಳಲ್ಲಿ ಹರಿದಾಡುತ್ತಿದ್ದುದನ್ನು, ಶತ್ರುಗಳೂ ರುಜು ಹಾಕಬಹುದಾದ ವಾಕ್ಯವಾಗಿ ಕಡೆದಿಡುವುದು ಕಲ್ಪನೆಗಿಂತ ಕಷ್ಟದ ಕೆಲಸ.

ಆ ಕಷ್ಟಕ್ಕೆ ಒಂದು ನಿದರ್ಶನ ಸಾಕು. ಕೂಡಲೇ ಯುದ್ಧವನ್ನು ನಿಲ್ಲಿಸಬೇಕೆಂದು ಕೇಳುವುದು ಇಂಥ ಸಭೆಗೆ ಸಹಜ. ಆದರೆ ಬೆಲ್ಜಿಯಮ್ಮಿನ ಐವರಿಗೆ ನ್ಯಾಯವಿಲ್ಲದ ಶಾಂತಿಯು ಶಾಂತಿಯೇ ಆಗಿರಲಿಲ್ಲ. ಸೇನೆಗಳು ನಿಂತಲ್ಲಿಯೇ ನಿಲ್ಲಲಿ ಎಂದರೆ ಜರ್ಮನ್ ಸೇನೆಯು ಅವರ ಮನೆಯಂಗಳದಲ್ಲಿ ನಿಲ್ಲುವುದೆಂದೇ ಅರ್ಥ. ಅಂಗೀಕೃತವಾದ ಗೊತ್ತುವಳಿಯಲ್ಲಿ ಯುದ್ಧವಿರಾಮದ ಮಾತಿಲ್ಲ. ರಕ್ತಪಾತವನ್ನು ಕೊನೆಗಾಣಿಸಿ ಸಂಧಾನವನ್ನು ಪ್ರಾರಂಭಿಸಬೇಕೆಂದು ಸರ್ಕಾರಗಳನ್ನು ಕೇಳಿ, ಬರುವ ಶಾಂತಿಯು ಶಾಶ್ವತವಾಗಬೇಕಾದರೆ ಅದು ನ್ಯಾಯದ ಮೇಲೆ ನಿಂತಿರಬೇಕೆಂದು ಅದು ಹೇಳುತ್ತದೆ. ಸಾವಿರಕ್ಕೂ ಹೆಚ್ಚು ಮಂದಿಯ ಸಭೆಯಲ್ಲಿ ಐವರ ನೋವು ವಾಕ್ಯದ ನಡುವೆ ಸ್ಥಳವನ್ನು ಪಡೆಯಿತು. ಹೊಣೆಗಾರಿಕೆಯ ಪ್ರಶ್ನೆಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರೂ, ‘ನ್ಯಾಯ’ವೆಂಬ ಶಬ್ದದ ರೂಪದಲ್ಲಿ ಅದು ಒಳಗೆ ಬಂದೇ ಬಂದಿತೆಂದು ಹೇಳಬೇಕು.

ಸಭೆಯ ಅತ್ಯಂತ ಕಾರ್ಯಸಾಧಕವಾದ ಸೂಚನೆಯು ಬಂದುದು ಒಬ್ಬ ಸಾಹಿತ್ಯಾಧ್ಯಾಪಿಕೆಯಿಂದ. ಜೂಲಿಯಾ ಗ್ರೇಸ್ ವೇಲ್ಸರು ಕೆನಡಾ ದೇಶದಲ್ಲಿ ಹುಟ್ಟಿ, ಅಮೇರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದವರು. ಯುದ್ಧವು ನಿಲ್ಲುವುದನ್ನು ಕಾಯದೆ ತಟಸ್ಥ ರಾಜ್ಯಗಳ ತಜ್ಞರು ಒಂದೆಡೆ ಕುಳಿತು, ಎರಡೂ ಪಕ್ಷಗಳಿಗೆ ಸಂಧಾನದ ಸೂಚನೆಗಳನ್ನು ಕಳುಹಿಸುತ್ತ, ಬಂದ ಉತ್ತರಗಳಿಗನುಸಾರವಾಗಿ ಅವನ್ನು ತಿದ್ದುತ್ತ, ಒಪ್ಪಿಗೆಯಾಗುವವರೆಗೆ ಅದನ್ನೇ ಮುಂದುವರಿಸಬೇಕೆಂಬುದು ಅವರು 1914ರ ಡಿಸೆಂಬರಿನಲ್ಲಿ ಬರೆದ ಯೋಜನೆ. ಮೊದಲು ಮಾತು ಬಿಟ್ಟವನು ಸೋತವನೆಂದು ಎರಡೂ ಪಕ್ಷಗಳು ತಿಳಿದಿದ್ದುದರಿಂದ ಯಾರೂ ಬಾಯಿ ತೆರೆಯಲಾರದೆ ಹೋಗಿದ್ದರು. ಯೋಜನೆಯು ಆ ಗಂಟನ್ನು ಬಿಚ್ಚುವಂತಿದ್ದಿತು. ವಿಸ್ಕಾನ್ಸಿನ್ ಸಂಸ್ಥಾನದ ಶಾಸನಸಭೆಯ ಅನುಮೋದನೆ ಇದಕ್ಕೆ ದೊರೆತಿದ್ದಿತು. ವೇಲ್ಸರೂ ‘ನೋರ್ಡಾಮ್’ ಹಡಗಿನಲ್ಲಿಯೇ ಬಂದಿದ್ದರು. ನಿರಂತರ ಮಧ್ಯಸ್ಥಿಕೆಯ ಅವರ ಸೂಚನೆಯನ್ನು ಮಹಾಸಭೆಯು ತನ್ನದನ್ನಾಗಿ ಮಾಡಿಕೊಂಡಿತು.

ಕಡೆಯ ದಿನ ಹಂಗೆರಿಯ ರೋಸಿಕಾ ಶ್ವಿಮ್ಮರರು ಹೊಸದೊಂದು ಸೂಚನೆಯನ್ನು ತಂದರು. ಗೊತ್ತುವಳಿಗಳನ್ನು ಅಂಚೆಯಲ್ಲಿ ಕಳುಹಿಸಿದರೆ ಸಾಲದು. ಪ್ರತಿನಿಧಿಗಳು ಸ್ವತಃ ಹೋಗಿ ರಾಜ್ಯಾಧಿಪತಿಗಳಿಗೂ ಮಂತ್ರಿಗಳಿಗೂ ಒಪ್ಪಿಸಬೇಕು ಎಂಬುದು ಅದರ ತಾತ್ಪರ್ಯ. ಇದು ನಾಟಕೀಯವೆಂದೂ ಆಗದ ಮಾತೆಂದೂ ಹಲವರಿಗೆ ತೋರಿತು. ಆಡಮ್ಸರಿಗೇ ಮೊದಲು ಸಂದೇಹವಿದ್ದಿತು. ಶ್ವಿಮ್ಮರರ ವಾಗ್ಮಿತೆಯಿಂದ ಅದು ಅಂಗೀಕೃತವಾಯಿತು.

ಮೇ ಮತ್ತು ಜೂನ್ ತಿಂಗಳುಗಳಲ್ಲಿ ಎರಡು ನಿಯೋಗಗಳು ಹೊರಟವು. ಆಡಮ್ಸ್, ಯಾಕೋಬ್ಸ್ ಮತ್ತು ಇಟಲಿಯ ರೋಸಾ ಜೆನೋನಿಯವರ ನಿಯೋಗಕ್ಕೆ ಯುದ್ಧನಿರತ ರಾಜ್ಯಗಳ ರಾಜಧಾನಿಗಳು ಗೊತ್ತಾಗಿದ್ದವು. ಲಂಡನ್, ಬರ್ಲಿನ್, ವಿಯೆನ್ನಾ, ಬುಡಾಪೆಸ್ಟ್, ರೋಮ್, ಪ್ಯಾರಿಸ್ ನಗರಗಳಲ್ಲಿ ಮಂತ್ರಿಗಳನ್ನೂ, ವ್ಯಾಟಿಕನ್ನಿನಲ್ಲಿ ಪೋಪ್ ಹದಿನೈದನೆಯ ಬೆನೆಡಿಕ್ಟರನ್ನೂ ಈ ನಿಯೋಗವು ಕಂಡಿತು. ಶ್ವಿಮ್ಮರ್, ಮ್ಯಾಕ್ಮಿಲನ್, ಅಮೇರಿಕದ ಎಮಿಲಿ ಬಾಲ್ಚ್, ಹಾಲೆಂಡಿನ ಕೋರ್ ರಾಮೊಂಡ್ಟ್ ಹಿರ್ಷ್‌ಮನ್ ಇವರ ನಿಯೋಗವು ಸ್ಕ್ಯಾಂಡಿನೇವಿಯಾದ ರಾಜಧಾನಿಗಳಿಗೂ ಪೆಟ್ರೋಗ್ರಾಡಿಗೂ ಹೋಯಿತು. ಯುದ್ಧನಿರತ ಹಂಗೆರಿಯ ಪ್ರಜೆಯೂ ಯುದ್ಧನಿರತ ಇಂಗ್ಲೆಂಡಿನ ಪ್ರಜೆಯೂ ಒಂದೇ ನಿಯೋಗದಲ್ಲಿದ್ದುದನ್ನು ಗಮನಿಸಬೇಕು. ಎಲ್ಲ ಕಡೆಗಳಲ್ಲಿಯೂ ಅವರಿಗೆ ಮರ್ಯಾದೆಯು ದೊರೆಯಿತು. ತಟಸ್ಥರು ಮಧ್ಯಸ್ಥಿಕೆಗೆ ಮುಂದಾದರೆ ತಾವು ಅದನ್ನು ಶತ್ರುತ್ವವೆಂದು ಎಣಿಸುವುದಿಲ್ಲವೆಂಬಷ್ಟರ ಮಟ್ಟಿಗೆ ಕೆಲವು ಮಂತ್ರಿಗಳು ಹೇಳಿದರು. ಒಬ್ಬ ಪ್ರಧಾನಮಂತ್ರಿಯಂತೂ, ಸ್ತ್ರೀಯರ ಈ ಯತ್ನವು ಹುಚ್ಚೆಂದು ತೋರಬಹುದೆಂದು ಆಡಮ್ಸರು ಅನ್ನಲು, ಮೇಜನ್ನು ಗುದ್ದಿ, ಹತ್ತು ತಿಂಗಳಿನಿಂದ ಈ ಕೋಣೆಯಲ್ಲಿ ಕೇಳಿಬಂದ ವಿವೇಕದ ಮಾತು ಇದೇ ಮೊದಲೆಂದನಂತೆ. ಆದರೆ ಮೊದಲ ಹೆಜ್ಜೆಯನ್ನು ಇಡುವವರು ಯಾರೆಂಬಲ್ಲಿ ಎಲ್ಲವೂ ನಿಂತಿತು. ತಟಸ್ಥ ರಾಜ್ಯಗಳು ಅಮೇರಿಕದ ಕಡೆಗೆ ನೋಡಿದವು. ಅಧ್ಯಕ್ಷ ವುಡ್ರೋ ವಿಲ್ಸನ್ ಆಡಮ್ಸರನ್ನೂ ಬಾಲ್ಚರನ್ನೂ ಕಂಡು ಮಾತಾಡಿದನು. ಅದುವರೆಗೆ ಬಂದಿದ್ದ ಸೂಚನೆಗಳಲ್ಲೆಲ್ಲ ಇವೇ ಉತ್ತಮವಾದುವೆಂದನೆಂದು ಆಡಮ್ಸರು ಬರೆದಿಟ್ಟಿದ್ದಾರೆ. ಸಮ್ಮೇಳನವನ್ನು ಮಾತ್ರ ಕರೆಯಲಿಲ್ಲ.

1918ರ ಜನವರಿ 8ರಂದು ವಿಲ್ಸನ್ ಪ್ರಕಟಿಸಿದ ಹದಿನಾಲ್ಕು ಅಂಶಗಳಿಗೂ ಹೇಗ್ ಗೊತ್ತುವಳಿಗಳಿಗೂ ಇರುವ ಸಾಮ್ಯವನ್ನು ಅನೇಕರು ಎತ್ತಿತೋರಿಸಿದ್ದಾರೆ. ಬಹಿರಂಗ ಒಪ್ಪಂದಗಳು, ಸಮುದ್ರಸ್ವಾತಂತ್ರ್ಯ, ಆಯುಧಗಳ ಕಡಿತ, ರಾಷ್ಟ್ರಗಳ ಸಂಘ ಎಂಬ ನಾಲ್ಕೂ ಎರಡರಲ್ಲಿಯೂ ಉಂಟು. ಸಾಮ್ಯವು ನಿಜ, ಅದರಿಂದ ಜನ್ಯಜನಕಭಾವವನ್ನು ಸ್ಥಾಪಿಸಲು ಹೊರಡುವುದು ಸಾಹಸ. ಈ ಮಾತುಗಳು ಎಷ್ಟು ಕಡೆಗಳಿಂದ ಮಹಾಸಭೆಗೆ ಬಂದಿದ್ದವೋ ಅಷ್ಟೇ ಕಡೆಗಳಿಂದ ವಿಲ್ಸನ್ನನ ಮೇಜಿಗೂ ಬಂದಿರಬಹುದು. ಎರಡು ಗ್ರಂಥಗಳಲ್ಲಿ ಒಂದೇ ಪದ್ಯವನ್ನು ಕಂಡೊಡನೆ ಒಂದು ಇನ್ನೊಂದರಿಂದ ಬಂದಿತೆನ್ನದೆ, ಎರಡಕ್ಕೂ ಸಮಾನವಾದ ಮೂಲವಿದ್ದೀತೆ ಎಂದು ವಿಚಾರಿಸುವ ಪಾಠಶೋಧಕರ ವಿವೇಕವು ಇಲ್ಲಿಯೂ ಬೇಕು.

ಸಮ್ಮತವಾದ ಮಾತಿನ ಎಲ್ಲೆಯನ್ನು ಮೀರಿದಾಗ ಏನಾಗುವುದೆಂಬುದಕ್ಕೆ ಆ ವರ್ಷವೇ ಎರಡು ದೃಷ್ಟಾಂತಗಳನ್ನು ಕೊಟ್ಟಿತು. ಜುಲೈ 9ರಂದು ನ್ಯೂಯಾರ್ಕಿನ ಕಾರ್ನೆಗೀ ಭವನದಲ್ಲಿ ಆಡಮ್ಸರು ತಮ್ಮ ಪ್ರವಾಸದ ವರದಿಯನ್ನು ಒಪ್ಪಿಸುತ್ತ, ಬಯೊನೆಟ್ಟುಗಳನ್ನು ಹಿಡಿದು ನುಗ್ಗುವುದಕ್ಕೆ ಮುಂಚೆ ಸಿಪಾಯಿಗಳಿ‌ಗೆ ಮದ್ಯಾದಿ ಉತ್ತೇಜಕಗಳನ್ನು ಕೊಡಬೇಕಾಗುತ್ತದೆಂದು ತಾವು ಕೇಳಿದುದನ್ನು ಹೇಳಿದರು. ಪತ್ರಿಕೆಗಳು ಈ ಒಂದು ಮಾತನ್ನು ಹಿಡಿದುಕೊಂಡು, ವೀರರನ್ನು ಅವಮಾನಿಸಿದರೆಂದು ಅವರ ಮೇಲೆ ಮುಗಿಬಿದ್ದವು. ಇಪ್ಪತ್ತು ಗೊತ್ತುವಳಿಗಳು ಆ ಗದ್ದಲದಲ್ಲಿ ಮುಳುಗಿದವು. ಡಿಸೆಂಬರಿನಲ್ಲಿ, ಶ್ವಿಮ್ಮರರ ಪ್ರೇರಣೆಯಿಂದ, ಮೋಟಾರು ತಯಾರಕ ಹೆನ್ರಿ ಫೋರ್ಡ್ ‘ಶಾಂತಿಯ ಹಡಗ’ನ್ನು ಹೊರಡಿಸಿದನು. ಉದ್ದೇಶವು ಅದೇ ನಿರಂತರ ಮಧ್ಯಸ್ಥಿಕೆ. ಕ್ರಮವು ಮಾತ್ರ ಬೇರೆ. ಹಣವು ಒಬ್ಬನದು, ಆಹ್ವಾನವು ಅವಸರದ್ದು, ಮುಂಚಿತವಾಗಿ ಒಪ್ಪಿಕೊಂಡ ತತ್ತ್ವಗಳಾಗಲಿ ಚರ್ಚೆಯ ಕಟ್ಟುಪಾಡುಗಳಾಗಲಿ ಇಲ್ಲ. ವಿಲ್ಸನ್ನನ ಸೈನ್ಯವೃದ್ಧಿಯ ನೀತಿಯನ್ನು ಖಂಡಿಸುವ ಲಿಖಿತವೊಂದಕ್ಕೆ ಎಲ್ಲರೂ ರುಜು ಹಾಕಬೇಕೆಂಬ ವಿಷಯದಲ್ಲಿ ಸಮುದ್ರಮಧ್ಯದಲ್ಲಿಯೇ ಜಗಳವೆದ್ದಿತು. ಸಂಗಡವಿದ್ದ ಪತ್ರಿಕಾಕರ್ತರಿಗೆ ಹಬ್ಬವಾಯಿತು. ನಾರ್ವೆಯನ್ನು ಮುಟ್ಟಿದ ಕೆಲವೇ ದಿನಗಳಲ್ಲಿ ಫೋರ್ಡ್ ಹಿಂದಿರುಗಿದನು. ‘ನೋರ್ಡಾಮ್’ ಹಡಗಿಗೂ ಈ ಹಡಗಿಗೂ ನಡುವೆ ಎಂಟು ತಿಂಗಳ ಅಂತರವೂ ಇಲ್ಲ.

ಶಾಂತಿ ಸಮ್ಮೇಳನವು ನಡೆಯುವ ಕಾಲದಲ್ಲಿ ಅದೇ ಸ್ಥಳದಲ್ಲಿ ತಾವೂ ಸೇರತಕ್ಕದ್ದೆಂದು 1915ರಲ್ಲಿ ಸ್ತ್ರೀಯರು ಗೊತ್ತುಮಾಡಿದ್ದರು. 1919ರಲ್ಲಿ ವಿಜಯಿಗಳು ಪ್ಯಾರಿಸಿನಲ್ಲಿ ಕೂಡಿದರು. ಸೋತ ರಾಜ್ಯಗಳ ಸ್ತ್ರೀಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಎಲ್ಲರೂ ಬರಲಾಗದ ಸ್ಥಳದಲ್ಲಿ ಸಭೆ ನಡೆಸುವುದಕ್ಕಿಂತ ಸ್ಥಳವನ್ನೇ ಬಿಡುವುದು ಮೇಲೆಂದು ಅವರು ಸ್ವಿಟ್ಜರ್ಲೆಂಡಿನ ಜ್ಯೂರಿಚ್ ನಗರವನ್ನು ಆರಿಸಿಕೊಂಡು, ಮೇ 12ರಿಂದ 17ರವರೆಗೆ ಸೇರಿದರು. ದಿಗ್ಬಂಧನದಿಂದ ಉಂಟಾದ ಕ್ಷಾಮದಲ್ಲಿ ಬದುಕಿ ಬಂದ ಜರ್ಮನಿ ಆಸ್ಟ್ರಿಯಾಗಳ ಸದಸ್ಯೆಯರು ಗುರುತು ಸಿಕ್ಕದಷ್ಟು ಬಡಕಲಾಗಿದ್ದರೆಂದು ಆಡಮ್ಸರು ಬರೆದಿದ್ದಾರೆ. ದಿಗ್ಬಂಧನವನ್ನು ತೆಗೆಯಬೇಕೆಂಬ ಗೊತ್ತುವಳಿಯು ತಂತಿಯ ಮೂಲಕ ಪ್ಯಾರಿಸಿಗೆ ಹೋಯಿತು. ವರ್ಸೈ ಒಪ್ಪಂದದ ನಿಬಂಧನೆಗಳು ಹೊರಬಿದ್ದು ಆಗ ಒಂದು ವಾರವೂ ಆಗಿರಲಿಲ್ಲ. ಅವು ದ್ವೇಷವನ್ನೂ ಮುಂದಿನ ಯುದ್ಧಗಳನ್ನೂ ಬೆಳೆಸುವುವೆಂದು ಖಂಡಿಸಿದ ಮೊದಲ ಸಭೆಗಳಲ್ಲಿ ಇದೂ ಒಂದು. ರಾಷ್ಟ್ರಸಂಘದ ವಿಷಯದಲ್ಲಿ ಮಾತ್ರ ಒಮ್ಮತವು ದೊರೆಯಲಿಲ್ಲ. ಅದನ್ನು ಇಡಿಯಾಗಿ ಸ್ವಾಗತಿಸುವುದನ್ನೂ ಇಡಿಯಾಗಿ ತಿರಸ್ಕರಿಸುವುದನ್ನೂ ಬಿಟ್ಟು, ಅದರ ವಿಧಿಗಳಲ್ಲಿ ತಮ್ಮ ತತ್ತ್ವಗಳಿಗೆ ವಿರುದ್ಧವಾದುವು ಯಾವುವು, ಬಿಟ್ಟುಹೋದುವು ಯಾವುವು ಎಂಬುದನ್ನು ಅವರು ಬರೆದಿಟ್ಟರು. ಅಮೇರಿಕದ ನೀಗ್ರೋ ಜನಾಂಗದ ಮೇರಿ ಚರ್ಚ್ ಟೆರೆಲ್ಲರು ಜರ್ಮನ್ ಭಾಷೆಯಲ್ಲಿಯೇ ಮಾತಾಡಿ ವರ್ಣಸಮಾನತೆಯನ್ನು ಪ್ರತಿಪಾದಿಸಿದರು.

ನಾಲ್ಕು ವರ್ಷಗಳ ಹಿಂದೆ ಖಾಲಿಯಾಗಿದ್ದ ಫ್ರಾನ್ಸಿನ ಆಸನವು ಇಲ್ಲಿ ತುಂಬಿತು. ಯುದ್ಧದಿಂದ ಹಾಳಾಗಿದ್ದ ಆರ್ಡೆನ್ ಪ್ರಾಂತ್ಯದಿಂದ ಜಾನ್ ಮೇಲಾ ಎಂಬವರು ಸಭೆಯು ಮುಗಿಯುತ್ತಿದ್ದಾಗ ಬಂದು ಮುಟ್ಟಿದರು. ಮಾತಾಡುತ್ತಿದ್ದ ಜರ್ಮನಿಯ ಲೀಡಾ ಗುಸ್ತಾವಾ ಹೈಮನ್ನರು ಮುಂದೆ ಬಂದು ಅವರ ಕೈ ಹಿಡಿದರು. 1915ರಲ್ಲಿ ನಿಷೇಧಿಸಿದ್ದ ಪ್ರಶ್ನೆಗೆ ಇದು ಉತ್ತರವಲ್ಲ. ಆದರೂ ಫ್ರಾನ್ಸಿನವರು ಬಂದುದು ತಮ್ಮ ನೆಲವು ಬಿಡುಗಡೆಯಾದ ಮೇಲೆ ಎಂಬುದನ್ನು ಇತಿಹಾಸಕಾರನು ಬರೆದುಕೊಳ್ಳಬೇಕು. ಸಂಸ್ಥೆಯು ಶಾಂತಿ ಮತ್ತು ಸ್ವಾತಂತ್ರ್ಯಕ್ಕಾಗಿ ಮಹಿಳೆಯರ ಅಂತರರಾಷ್ಟ್ರೀಯ ಸಂಘವೆಂಬ ಹೆಸರನ್ನು ತಾಳಿ ಜಿನೀವಾದಲ್ಲಿ ನೆಲಸಿತು. ಅದರ ಪ್ರಥಮ ಅಧ್ಯಕ್ಷೆ ಆಡಮ್ಸರಿಗೆ 1931ರಲ್ಲಿಯೂ ಪ್ರಥಮ ಕಾರ್ಯದರ್ಶಿ ಬಾಲ್ಚರಿಗೆ 1946ರಲ್ಲಿಯೂ ನೊಬೆಲ್ ಶಾಂತಿ ಪಾರಿತೋಷಕದ ಪಾಲು ಬಂದಿತು.

ತುಂಬದೆ ಉಳಿದ ಆಸನಗಳು ಬೇರೆ ಇದ್ದವು. ಹೇಗ್ ಸಭೆಯ ಹನ್ನೆರಡು ದೇಶಗಳೂ ಯೂರೋಪು ಮತ್ತು ಉತ್ತರ ಅಮೇರಿಕಗಳವು. ಸ್ವಾಧಿಕಾರವನ್ನು ಯಾವ ಜನಾಂಗಕ್ಕೂ ನಿರಾಕರಿಸಕೂಡದೆಂಬ ಗೊತ್ತುವಳಿಯನ್ನು, ಅದು ಯಾರಿಗೆ ಹೆಚ್ಚಾಗಿ ಬೇಕಾಗಿದ್ದಿತೋ ಅವರಲ್ಲಿ ಒಬ್ಬರೂ ಇಲ್ಲದ ಭವನದಲ್ಲಿ ಅಂಗೀಕರಿಸಲಾಯಿತು. ಸಭೆಗೆ ಎರಡು ದಿನ ಮುಂಚೆ, ಏಪ್ರಿಲ್ 26ರಂದು, ನೆರೆಯ ಬೆಲ್ಜಿಯಮ್ಮಿನ ಈಪ್ರ್ ಊರಿನ ಬಳಿ ಭಾರತದ ಲಾಹೋರ್ ಡಿವಿಷನ್ನಿನ ಸಿಪಾಯಿಗಳು ಗುಂಡಿಗೂ ವಿಷವಾಯುವಿಗೂ ಎದುರಾಗಿ ನುಗ್ಗಿದ್ದರು. ಮೈಸೂರಿನ ಲ್ಯಾನ್ಸರ್ ದಳವು ಸೂಯೆಜ್ ಕಾಲುವೆಯ ಕಾವಲಿನ ಪ್ರದೇಶದಲ್ಲಿದ್ದಿತು. ಇವರ ತಾಯಂದಿರನ್ನೂ ಪತ್ನಿಯರನ್ನೂ ಕರೆಯಬೇಕೆಂದು ಯಾರಿಗೂ ತೋಚಿದಂತೆ ಕಾಣುವುದಿಲ್ಲ. ಮತಾಧಿಕಾರ ಕೂಟವು 1915ರಲ್ಲಿ ತಪ್ಪಿಹೋದ ತನ್ನ ಬರ್ಲಿನ್ ಅಧಿವೇಶನವನ್ನು ಕಡೆಗೆ ನಡೆಸಿದುದು 1929ರ ಜೂನ್ ತಿಂಗಳಿನಲ್ಲಿ. ಅಷ್ಟರಲ್ಲಿ ಅದರ ಹೆಸರಿನೊಳಕ್ಕೆ ‘ಸಮಾನ ಪೌರತ್ವ’ವೆಂಬ ಮಾತೂ ಸೇರಿದ್ದಿತು. ಆ ಅಧಿವೇಶನಕ್ಕೆ ಭಾರತದಿಂದ ಹೋದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು.